ಒಂದೇ ಸಿಂಫನಿ, ನಾಲ್ವರು ಕಂಡಕ್ಟರ್‌ಗಳು: ವ್ಯತ್ಯಾಸ ಕೇಳಿಸುವುದು ಎಲ್ಲಿ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿಕೊಂಡು ಬಂದವನು. ಈಚೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಫೋನಿನಲ್ಲಿ ಕೇಳಲು ಶುರುಮಾಡಿದ್ದೇನೆ. ಬೀಥೋವನ್‌ನ ಐದನೇ ಸಿಂಫನಿ ಎಂದು ಹುಡುಕಿದರೆ ಲೆಕ್ಕವಿಲ್ಲದಷ್ಟು ಧ್ವನಿಮುದ್ರಣಗಳು ಬರುತ್ತವೆ. ಒಬ್ಬೊಬ್ಬರು ಒಂದೊಂದನ್ನು ಶ್ರೇಷ್ಠ ಎನ್ನುತ್ತಾರೆ. ನಮ್ಮಲ್ಲಿ ಒಂದೇ ಕೃತಿಯನ್ನು ಇಬ್ಬರು ಹಾಡಿದರೆ ಸಂಗತಿ, ನೆರವಲ್, ಸ್ವರಪ್ರಸ್ತಾರ ಎಲ್ಲ ಬೇರೆ. ಕೇಳಿದ ಕೂಡಲೇ ಗೊತ್ತಾಗುತ್ತದೆ. ಅಲ್ಲಿ ಪ್ರತಿಯೊಂದು ಸ್ವರವೂ ಬರೆದಿಟ್ಟದ್ದು. ಹಾಗಿದ್ದ ಮೇಲೆ ಆರ್ಕೆಸ್ಟ್ರಾವನ್ನು ಮುಂದೆ ನಿಂತು ನಡೆಸುವ ಕಂಡಕ್ಟರ್ ಬದಲಾದರೆ ಬದಲಾಗುವುದೇನು? ನನಗಂತೂ ಎಷ್ಟು ಕೇಳಿದರೂ ಎಲ್ಲ ಒಂದೇ ಅನ್ನಿಸುತ್ತದೆ. ಮನೆಯಲ್ಲಿ ಕೂತು ಹೋಲಿಸುವುದು ಹೇಗೆ? ಅದಕ್ಕೆ ದುಬಾರಿ ಸ್ಪೀಕರ್ ಬೇಕೇ? — ಓದುಗರೊಬ್ಬರು, ಮೈಸೂರು

ಉತ್ತರ: ಮೊದಲಿಗೆ, ನಿಮ್ಮ ಕಿವಿಯ ಮೇಲೆ ಅನುಮಾನ ಬೇಡ. ಅರ್ಧ ಗಂಟೆಗೂ ಮೀರಿದ, ನಾಲ್ಕು ಭಾಗಗಳ ಈ ಸಿಂಫನಿಯನ್ನು ಪೂರ್ತಿ ಕೇಳಿ, ಎದ್ದು ಕಾಫಿ ಕುಡಿದು ಬಂದು, ಇನ್ನೊಬ್ಬರದನ್ನು ಪೂರ್ತಿ ಕೇಳಿದರೆ ಮೊದಲನೆಯದರ ವಿವರಗಳು ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ. ನೆನಪಿನಲ್ಲಿ ನಿಲ್ಲುವುದು ಧಾಟಿ ಮಾತ್ರ, ಅದು ಎಲ್ಲರಲ್ಲೂ ಒಂದೇ. ಹೋಲಿಸುವುದಕ್ಕೆ ಇಪ್ಪತ್ತು ಮೂವತ್ತು ಸೆಕೆಂಡಿನ ತುಣುಕು ಸಾಕು. ಅದನ್ನೇ ನಾಲ್ಕು ಜನರ ಕೈಯಲ್ಲಿ ಒಂದರ ಹಿಂದೊಂದು ಕೇಳಬೇಕು. ಆದರೆ ಸಿಕ್ಕ ತುಣುಕನ್ನೆಲ್ಲ ಕೇಳಿ ಪ್ರಯೋಜನವಿಲ್ಲ. ಸ್ವರಲಿಪಿ ಕೆಲವು ಕಡೆ ಸುಮ್ಮನಿದ್ದುಬಿಡುತ್ತದೆ, ತೀರ್ಮಾನ ಕಂಡಕ್ಟರ್‌ಗೇ ಬಿಟ್ಟದ್ದು. ಇನ್ನು ಕೆಲವು ಕಡೆ ಅದು ಸ್ಪಷ್ಟವಾಗಿಯೇ ಹೇಳಿದೆ, ಅದರ ಮಾತು ಕೇಳಬೇಕೋ ಬೇಡವೋ ಎಂದು ತಲೆಮಾರುಗಳಿಂದ ವಾದ ನಡೆದಿದೆ. ಅಂಥ ಜಾಗಗಳು ಎಲ್ಲಿವೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ನೀವು ಹೇಳಿದ ಐದನೇ ಸಿಂಫನಿಯನ್ನೇ ಹಿಡಿದು ಆ ಜಾಗಗಳನ್ನು ತೋರಿಸುತ್ತೇನೆ.

ನಾಲ್ಕು ಧ್ವನಿಮುದ್ರಣ ಆರಿಸಿಕೊಳ್ಳಿ. ವಿಲ್‌ಹೆಲ್ಮ್ ಫರ್ಟ್‌ವೆಂಗ್ಲರ್ ಬರ್ಲಿನ್ ಫಿಲ್ಹಾರ್ಮೊನಿಕ್ ಜೊತೆ 1947ರ ಮೇ ತಿಂಗಳಲ್ಲಿ ಮಾಡಿದ್ದು. ಯುದ್ಧ ಮುಗಿದ ಮೇಲೆ ಅವರು ತಮ್ಮ ಆರ್ಕೆಸ್ಟ್ರಾದ ಮುಂದೆ ಮತ್ತೆ ನಿಂತ ಕಛೇರಿಗಳು ಅವು, ಬರ್ಲಿನ್ನಿನ ಟಿಟಾನಿಯಾ ಪಾಲಾಸ್ಟ್‌ನಲ್ಲಿ ನಡೆದವು. ಎರಡನೆಯದು ಓಟೋ ಕ್ಲೆಂಪರರ್ ಲಂಡನ್ನಿನ ಫಿಲ್ಹಾರ್ಮೊನಿಯಾ ಜೊತೆ 1959ರಲ್ಲಿ ಮಾಡಿದ ಸ್ಟೀರಿಯೊ ಮುದ್ರಣ (ಇವರದೇ 1955ರ ಮೋನೊ ಮುದ್ರಣವೂ ಇದೆ, ಅದಲ್ಲ). ಮೂರನೆಯದು ಕಾರ್ಲೋಸ್ ಕ್ಲೈಬರ್, ವಿಯೆನ್ನಾ ಫಿಲ್ಹಾರ್ಮೊನಿಕ್, 1974. ನಾಲ್ಕನೆಯದು ಜಾನ್ ಎಲಿಯಟ್ ಗಾರ್ಡಿನರ್ ಬೀಥೋವನ್ ಕಾಲದ ಮಾದರಿಯ ವಾದ್ಯಗಳನ್ನು ಇಟ್ಟುಕೊಂಡು ತಮ್ಮ ಆರ್ಕೆಸ್ಟ್ರ್ ರೆವೊಲ್ಯೂಷನೇರ್ ಎ ರೊಮಾಂಟಿಕ್ ಜೊತೆ ಮಾಡಿ, 1994ರಲ್ಲಿ ಹೊರಬಂದದ್ದು. ಇವು ನಾಲ್ಕೂ ಒಂದಕ್ಕೊಂದು ದೂರ ನಿಂತಿವೆ. ಕಲಿಯುವ ಕಿವಿಗೆ ದೂರದ್ದೇ ಒಳ್ಳೆಯದು, ಹತ್ತಿರದವನ್ನು ಆಮೇಲೆ ಹೋಲಿಸಬಹುದು.

ಹುಡುಕುವಾಗ ಒಂದು ಎಚ್ಚರ. ಆ್ಯಪ್‌ಗಳಲ್ಲಿ ಆಲ್ಬಮ್ಮಿನ ಕೆಳಗೆ ಕಾಣುವ ಇಸವಿ ಬಹಳ ಸಲ ಮರುಬಿಡುಗಡೆಯ ಇಸವಿ. 1947ರ ಕಛೇರಿಯ ಕೆಳಗೆ ಮೊನ್ನೆ ಮೊನ್ನೆಯ ವರ್ಷ ಕಾಣಿಸಬಹುದು. ಕಂಡಕ್ಟರ್ ಹೆಸರು, ಆರ್ಕೆಸ್ಟ್ರಾದ ಹೆಸರು ಎರಡನ್ನೂ ಸೇರಿಸಿ ಹುಡುಕಿ. ಫರ್ಟ್‌ವೆಂಗ್ಲರ್, ಕರಾಯನ್ ಅಂಥವರು ಇದೇ ಸಿಂಫನಿಯನ್ನು ಹಲವು ಸಲ ಮುದ್ರಿಸಿದ್ದಾರೆ. ಬೇರೆಯವರು ಹೊಗಳಿದ್ದು ಒಂದು, ನೀವು ಕೇಳುತ್ತಿರುವುದು ಇನ್ನೊಂದು ಆಗಬಾರದು.

ಈಗ ಶುರುವಿಗೆ ಬನ್ನಿ. ಪ್ರಪಂಚಕ್ಕೆಲ್ಲ ಗೊತ್ತಿರುವ ಆ ನಾಲ್ಕು ಸ್ವರ, ಮೂರು ಗಿಡ್ಡ, ಒಂದು ಉದ್ದ. ಅದು ಶುರುವಾಗುವುದು ತಾಳದ ಪೆಟ್ಟಿನ ಮೇಲಲ್ಲ. ಪೆಟ್ಟಿನ ಜಾಗದಲ್ಲಿ ಒಂದು ಪುಟ್ಟ ಮೌನವನ್ನು ಬರೆದು, ಆಮೇಲೆ ಮೂರು ಸ್ವರ ಬರೆದಿದ್ದಾನೆ ಬೀಥೋವನ್. ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ಸಮದಿಂದ ಆಚೆ ಇರುವ ಕೃತಿಗಳನ್ನು ಕೇಳಿ ಬೆಳೆದ ನಿಮಗೆ ಇದರ ಬಿಗಿ ಬೇರೆಯವರಿಗಿಂತ ಬೇಗ ಹತ್ತುತ್ತದೆ. ನಾಲ್ಕನೆಯ ಉದ್ದ ಸ್ವರದ ಮೇಲೆ ಎಷ್ಟು ಹೊತ್ತಾದರೂ ನಿಲ್ಲಿ ಎಂಬ ಗುರುತು ಇದೆ, ಇದಕ್ಕೆ ಫರ್ಮಾಟಾ ಎನ್ನುತ್ತಾರೆ. ಎಷ್ಟು ಹೊತ್ತು ಎಂದು ಬರೆದಿಲ್ಲ. ಅದೇ ನಾಲ್ಕು ಸ್ವರ ಒಂದು ಮೆಟ್ಟಿಲು ಕೆಳಗೆ ಮತ್ತೆ ಬರುತ್ತದೆ. ಈ ಸಲ ಉದ್ದ ಸ್ವರಕ್ಕೆ ಒಂದು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಹೆಚ್ಚು ಕೊಟ್ಟು, ಆ ಎರಡನೇ ಬಾರಿನ ಮೇಲೆ ಫರ್ಮಾಟಾ ಹಾಕಿದ್ದಾನೆ. ಅಂದರೆ ಎರಡನೆಯ ನಿಲುಗಡೆ ಮೊದಲನೆಯದಕ್ಕಿಂತ ಉದ್ದವಾಗಿರಬೇಕು ಎಂದು ಬಾಯಿಬಿಟ್ಟು ಹೇಳಿದ್ದಾನೆ.

ಈ ಕೆಲವೇ ಸೆಕೆಂಡಿನಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೂರು ಗಿಡ್ಡ ಸ್ವರಗಳು ಮುಂದೆ ಬರುವ ಕಾಲಪ್ರಮಾಣದಲ್ಲೇ ಇವೆಯೋ, ಅಥವಾ ಘೋಷಣೆಯಂತೆ ನಿಧಾನವಾಗಿ, ಒಂದೊಂದನ್ನೂ ಒತ್ತಿ ನುಡಿಸಿ, ಆಮೇಲೆ ವೇಗ ಹಿಡಿಯುತ್ತಾರೋ? ಎರಡನೆಯ ನಿಲುಗಡೆ ನಿಜವಾಗಿಯೂ ಉದ್ದವೋ? ನಿಂತ ಮೇಲೆ ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಾರೋ, ಅಥವಾ ಅದರ ಬಾಲ ಹಿಡಿದೇ ಓಡುತ್ತಾರೋ? ಫರ್ಟ್‌ವೆಂಗ್ಲರ್ ಒತ್ತಿ ನಿಂತು, ಎರಡನೆಯದನ್ನು ಎಳೆದು, ಆಮೇಲೆ ಹೊರಡುತ್ತಾರೆ. ಹತ್ತೊಂಬತ್ತನೇ ಶತಮಾನದ ಸಂಪ್ರದಾಯದ ಗಾಳಿ ಅಲ್ಲಿ ಇನ್ನೂ ಇದೆ. ಕ್ಲೈಬರ್‌ನಲ್ಲಿ ಮೊದಲ ಸ್ವರದಿಂದಲೇ ಓಟ, ನಿಲುಗಡೆಯಲ್ಲೂ ಸುಮ್ಮನಿರದ ಒಂದು ತುಡಿತ. ಗಾರ್ಡಿನರ್ ಅದಕ್ಕಿಂತ ಚುರುಕು. ಕ್ಲೆಂಪರರ್ ಭಾರವಾಗಿ ಹೆಜ್ಜೆ ಇಡುತ್ತಾರೆ, ಆದರೆ ಆ ಭಾರ ಎಲ್ಲೂ ಹೆಚ್ಚುಕಡಿಮೆ ಆಗುವುದಿಲ್ಲ. ಈ ಶುರುವನ್ನು ನಾಲ್ವರಲ್ಲಿ ಬೆನ್ನುಬೆನ್ನಿಗೆ ಕೇಳಿ. ಎಲ್ಲ ಒಂದೇ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ.

ನಿಲುಗಡೆ ಮುಗಿದ ಕೂಡಲೇ ಬರುವ ಮೆತ್ತನೆಯ ಭಾಗವನ್ನು ಇಯರ್‌ಫೋನ್ ಹಾಕಿಕೊಂಡು ಕೇಳಬೇಕು. ಅದೇ ನಾಲ್ಕು ಸ್ವರಗಳು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ದಾಟುತ್ತವೆ: ಮೊದಲು ಎರಡನೇ ಪಿಟೀಲುಗಳು, ಆಮೇಲೆ ವಿಯೋಲಾಗಳು (ಪಿಟೀಲಿಗಿಂತ ಸ್ವಲ್ಪ ದೊಡ್ಡವು, ದನಿ ತಗ್ಗು), ಆಮೇಲೆ ಮೊದಲನೇ ಪಿಟೀಲುಗಳು. ಕ್ಲೆಂಪರರ್ ಹಳೆಯ ಪದ್ಧತಿಯಂತೆ ಮೊದಲನೇ ಪಿಟೀಲುಗಳನ್ನು ಎಡಕ್ಕೂ ಎರಡನೇ ಪಿಟೀಲುಗಳನ್ನು ಬಲಕ್ಕೂ ಕೂರಿಸುತ್ತಿದ್ದರು. ಅವರ ಸ್ಟೀರಿಯೊ ಮುದ್ರಣದಲ್ಲಿ ಆ ಸ್ವರಗಳು ಬಲಗಿವಿಯಿಂದ ಹೊರಟು ನಡುವೆ ಹಾದು ಎಡಗಿವಿಗೆ ಬರುವುದು ಕಾಣಿಸಿದಷ್ಟು ಸ್ಪಷ್ಟ. ಎರಡೂ ಪಿಟೀಲು ಗುಂಪುಗಳನ್ನು ಎಡಗಡೆಯೇ ಕೂರಿಸುವ ರೂಢಿ ಇಪ್ಪತ್ತನೇ ಶತಮಾನದಲ್ಲಿ ಬೆಳೆಯಿತು. ಅಂಥ ಮುದ್ರಣಗಳಲ್ಲಿ ಈ ದಾಟುವಿಕೆ ಒಂದೇ ಕಡೆ ಮುದ್ದೆಯಾಗಿ ಕೇಳಿಸುತ್ತದೆ. ಬೀಥೋವನ್ ಬರೆದದ್ದು ಎದುರುಬದುರು ಕೂತ ಪಿಟೀಲುಗಳ ಕಾಲದಲ್ಲಿ. ಕಂಡಕ್ಟರ್ ಒಂದು ಸ್ವರವನ್ನೂ ಮುಟ್ಟದೆ, ಕುರ್ಚಿಗಳನ್ನು ಹೀಗೆ ಹಾಕಿಸಿದ್ದಕ್ಕೇ ಸಂಗೀತದ ಮಾತು ಇಷ್ಟು ತಿಳಿಯಾಗುತ್ತದೆ.

ಮುಂದಿನ ಜಾಗ ನನಗೆ ಬಹಳ ಪ್ರೀತಿಯದು. ಮೊದಲ ಭಾಗ ಶುರುವಾಗಿ ಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ ಗದ್ದಲ ತಟ್ಟನೆ ನಿಂತು, ಹಾರ್ನ್‌ಗಳು ಮಾತ್ರ ಗಟ್ಟಿಯಾಗಿ ಒಂದು ಕರೆ ಕೊಡುತ್ತವೆ. ಹಾರ್ನ್ ಎಂದರೆ ಸುರುಳಿ ಸುತ್ತಿದ ಹಿತ್ತಾಳೆಯ ಕಹಳೆ. ಅದರ ಬೆನ್ನಿಗೇ ಪಿಟೀಲುಗಳು ಮೆದುವಾದ ಎರಡನೇ ಧಾಟಿ ಎತ್ತಿಕೊಳ್ಳುತ್ತವೆ. ‘ಡೋಲ್ಚೆ’, ಮಧುರವಾಗಿ, ಎಂದು ಬರೆದಿದೆ. ಇದೇ ಕರೆ, ಮೊದಲ ಭಾಗದ ಕೊನೆಯ ಮೂರನೇ ಒಂದು ಪಾಲಿನಲ್ಲಿ, ಕ್ಲೈಬರ್‌ನಲ್ಲಾದರೆ ಐದು ನಿಮಿಷದ ಸುತ್ತಮುತ್ತ, ಬೇರೆ ಶ್ರುತಿಯಲ್ಲಿ ಮತ್ತೆ ಬರುತ್ತದೆ. ಅಲ್ಲಿ ಬೀಥೋವನ್ ಅದನ್ನು ಹಾರ್ನ್‌ಗಳಿಗೆ ಕೊಡದೆ ಬಸೂನ್‌ಗಳಿಗೆ ಕೊಟ್ಟಿದ್ದಾನೆ. ಬಸೂನ್ ಮರದ ಉದ್ದನೆಯ ಊದುವಾದ್ಯ, ಸ್ವಲ್ಪ ಗೊಗ್ಗರು ದನಿಯದು.

ಯಾಕೆ ಹಾಗೆ? ಆಗಿನ ಹಾರ್ನ್‌ಗೆ ವಾಲ್ವ್, ಅಂದರೆ ಒತ್ತಿ ಸ್ವರ ಬದಲಿಸುವ ಕೀಲಿ, ಇರಲಿಲ್ಲ. ಒಂದು ಶ್ರುತಿಗೆ ಕೊಳವೆ ಸಿಕ್ಕಿಸಿದರೆ ಆ ಶ್ರುತಿಯ ಸಹಜ ಸ್ವರಗಳಷ್ಟೇ ನಿರಾಳವಾಗಿ ಬರುತ್ತಿದ್ದವು; ಇನ್ನೊಂದು ಶ್ರುತಿಗೆ ಹೋಗಬೇಕಾದರೆ ಕೊಳವೆ ಬದಲಿಸಬೇಕು, ಓಡುತ್ತಿರುವ ಸಂಗೀತದಲ್ಲಿ ಅದಕ್ಕೆ ಬಿಡುವಿಲ್ಲ. ಆಮೇಲೆ ವಾಲ್ವ್ ಇರುವ ಹಾರ್ನ್ ಬಂತು. ಆಗ ಕಂಡಕ್ಟರ್‌ಗಳು, ಬೀಥೋವನ್ ಇವತ್ತು ಇದ್ದಿದ್ದರೆ ಹಾರ್ನ್‌ಗೇ ಕೊಡುತ್ತಿದ್ದ ಎಂದು ತೀರ್ಮಾನಿಸಿ ಎರಡನೆಯ ಕರೆಯನ್ನೂ ಹಾರ್ನ್‌ಗಳಿಗೆ ಕೊಟ್ಟರು. ಇಪ್ಪತ್ತನೇ ಶತಮಾನದ ಬಹುಪಾಲು ಇದೇ ರೂಢಿಯಾಗಿತ್ತು. ಹಳೆಯ ವಾದ್ಯಗಳ ಆರ್ಕೆಸ್ಟ್ರಾಗಳು ಬಂದ ಮೇಲೆ ಬಸೂನ್ ತನ್ನ ಜಾಗಕ್ಕೆ ಹಿಂತಿರುಗಿತು. ಗಾರ್ಡಿನರ್‌ನಲ್ಲಿ ಅದನ್ನು ಕೇಳಿ, ಉಳಿದ ಮೂವರಲ್ಲಿ ಯಾರು ಯಾವುದನ್ನು ನುಡಿಸಿದ್ದಾರೆ ಎಂದು ನೀವೇ ಪತ್ತೆ ಮಾಡಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಬಸೂನೇ ಸರಿ. ಮೊದಲ ಸಲ ಅಷ್ಟು ಠೀವಿಯಿಂದ ಬಂದ ಕರೆ ಎರಡನೆಯ ಸಲ ದನಿ ಒಡೆದಂತೆ ಬಂದಾಗ ಸಂಗೀತಕ್ಕೆ ಒಂದು ಗಾಯದ ಗುರುತು ಬೀಳುತ್ತದೆ, ಎರಡೂ ಸಲ ಹಾರ್ನ್ ಆದರೆ ಅದು ಅಳಿಸಿಹೋಗುತ್ತದೆ. ಇದನ್ನು ಒಪ್ಪದವರಲ್ಲಿ ಬಹಳ ದೊಡ್ಡ ಸಂಗೀತಗಾರರಿದ್ದಾರೆ. ಅವರ ವಾದವೂ ಹುಸಿಯಲ್ಲ.

ಆ ಎರಡನೆಯ ಕರೆಗೆ ಸ್ವಲ್ಪ ಮುಂಚೆ, ಎಲ್ಲ ವಾದ್ಯಗಳೂ ನಿಂತು ಒಂದೇ ಒಂದು ಓಬೋ ಕೆಲವು ಸೆಕೆಂಡು ಆಲಾಪದಂತೆ ಹಾಡುತ್ತದೆ. ನಾದಸ್ವರದಂತೆ ಜೋಡಿ ರೀಡಿನ ವಾದ್ಯ ಅದು. ಗದ್ದಲದ ನಡುವೆ ಅದು ಯಾಕೆ ಬರುತ್ತದೆ ಎಂದು ಯಾರಿಗೂ ವಿವರಿಸಿ ಹೇಳಲಾಗುವುದಿಲ್ಲ. ಕಂಡಕ್ಟರ್ ಅಲ್ಲಿ ಕೈ ಕೆಳಗಿಳಿಸಿ ಓಬೋ ನುಡಿಸುವವರಿಗೆ ಜಾಗ ಬಿಡುತ್ತಾರೋ, ಅಥವಾ ಅಲ್ಲೂ ಲೆಕ್ಕ ಹಿಡಿದೇ ನಡೆಸುತ್ತಾರೋ ಎಂದು ಕೇಳಿ ನೋಡಿ.

ಇನ್ನು ವೇಗದ ವಿಚಾರ. ಹೋಲಿಸುವವರು ಮೊದಲು ನೋಡುವುದೇ ಟ್ರ್ಯಾಕಿನ ಪಕ್ಕದ ನಿಮಿಷ ಸೆಕೆಂಡು, ಮೋಸಹೋಗುವುದೂ ಅಲ್ಲೇ. ಬೀಥೋವನ್ ತನ್ನ ಮೊದಲ ಎಂಟು ಸಿಂಫನಿಗಳಿಗೆ ಮೆಟ್ರೊನೋಮ್ (ಟಿಕ್‌ಟಿಕ್ ಎಂದು ಲಯ ತೋರಿಸುವ ಯಂತ್ರ) ಗುರುತುಗಳನ್ನು 1817ರಲ್ಲಿ ಪ್ರಕಟಿಸಿದ. ಐದನೆಯದರ ಮೊದಲ ಭಾಗಕ್ಕೆ ನಿಮಿಷಕ್ಕೆ 108 ಬಾರ್ ಎಂದು ಲೆಕ್ಕ ಬರುತ್ತದೆ. ಈ ಭಾಗದಲ್ಲಿ 502 ಬಾರ್ ಇವೆ, ಮೊದಲ 124 ಬಾರನ್ನು ಮತ್ತೊಮ್ಮೆ ನುಡಿಸಿ ಎಂದು ಬರೆದಿದೆ. ಒಟ್ಟು 626. ಭಾಗಿಸಿ ನೋಡಿ, ಆರು ನಿಮಿಷಕ್ಕೆ ಸ್ವಲ್ಪ ಕಡಿಮೆ. ನಿಲುಗಡೆಗಳನ್ನು ಸೇರಿಸಿದರೆ ಆರನ್ನು ದಾಟುತ್ತದೆ. ಗಾರ್ಡಿನರ್ ಇದರ ಹತ್ತಿರ ಬರುತ್ತಾರೆ, ಆರೂವರೆ ನಿಮಿಷದ ಆಸುಪಾಸು. ಕ್ಲೈಬರ್ ಏಳು ನಿಮಿಷ ಇಪ್ಪತ್ತು ಸೆಕೆಂಡಿನ ಹತ್ತಿರ. ಕ್ಲೆಂಪರರ್ ಕ್ಲೈಬರ್‌ಗಿಂತಲೂ ಒಂದು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತಾರೆ. ಈಗ ಯಾರಾದರೂ ಆ 124 ಬಾರಿನ ಮರುನುಡಿಕೆಯನ್ನು ಬಿಟ್ಟರು ಎನ್ನಿ, ನಿಧಾನವಾಗಿ ನುಡಿಸಿದ್ದರೂ ಟ್ರ್ಯಾಕು ಚಿಕ್ಕದಾಗಿ ಕಾಣುತ್ತದೆ. ಕೊನೆಯ ಭಾಗದಲ್ಲಿ ಇದು ಇನ್ನೂ ದೊಡ್ಡ ಬಲೆ. ಅಲ್ಲಿ ಮರುನುಡಿಕೆ ಎಂದರೆ ಸುಮಾರು ಎರಡು ನಿಮಿಷ. ಕ್ಲೈಬರ್ ಅದನ್ನು ನುಡಿಸುತ್ತಾರೆ, 1962ರ ಕರಾಯನ್ ನುಡಿಸುವುದಿಲ್ಲ. ಎರಡರ ಅವಧಿಯನ್ನು ಪಕ್ಕಪಕ್ಕ ಇಟ್ಟು ಕ್ಲೈಬರ್ ನಿಧಾನ ಎಂದು ಹೇಳಿಬಿಟ್ಟರೆ ತಲೆಕೆಳಗಾದ ತೀರ್ಪಾಗುತ್ತದೆ.

ಒಟ್ಟು ವೇಗಕ್ಕಿಂತ ವೇಗ ಎಲ್ಲಿ ಬದಲಾಗುತ್ತದೆ ಎನ್ನುವುದು ಹೆಚ್ಚು ಹೇಳುತ್ತದೆ. ಆ ಡೋಲ್ಚೆ ಧಾಟಿಗೆ ಮತ್ತೆ ಹೋಗಿ. ತೊಡೆಯ ಮೇಲೆ ತಾಳ ಹಾಕಿಕೊಂಡೇ ಶುರುವಿನಿಂದ ಅಲ್ಲಿಗೆ ಬನ್ನಿ. ಫರ್ಟ್‌ವೆಂಗ್ಲರ್‌ನಲ್ಲಿ ನಿಮ್ಮ ಕೈ ಸಡಿಲವಾಗಲೇಬೇಕಾಗುತ್ತದೆ, ಧಾಟಿ ಬದಲಾದಂತೆ ಕಾಲಪ್ರಮಾಣವೂ ಉಸಿರಾಡುತ್ತದೆ. ಕ್ಲೈಬರ್, ಗಾರ್ಡಿನರ್ ಇಬ್ಬರಲ್ಲೂ ಕೈಯ ಓಟ ಹಾಗೇ ಸಾಗುತ್ತದೆ. ಆ ಮಧುರ ಧಾಟಿಯ ಕೆಳಗೆ, ಮಂದ್ರದಲ್ಲಿ, ಅದೇ ನಾಲ್ಕು ಸ್ವರಗಳ ಲಯ ಗೊಣಗುತ್ತಲೇ ಇರುತ್ತದೆ. ವೇಗ ಇಳಿಸದವರಲ್ಲಿ ಅದು ಬೆದರಿಕೆಯಂತೆ ಕೇಳಿಸುತ್ತದೆ, ಇಳಿಸಿದವರಲ್ಲಿ ನೆನಪಿನಂತೆ. ಸ್ವರಗಳೆಲ್ಲ ಬರೆದಿಟ್ಟದ್ದೇ ಆದರೆ ಬದಲಾಗುವುದೇನು ಎಂದು ಕೇಳಿದ್ದಿರಿ. ಬದಲಾಗುವುದು ಇದು.

ಎರಡನೇ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಡಾಂಟೆ ಕಾನ್ ಮೋಟೊ, ಅಂದರೆ ನಡಿಗೆಯ ವೇಗ, ಅದರಲ್ಲೂ ಚಲನೆ ಇರಲಿ ಎಂದು ಬರೆದಿದೆ. ವಿಯೋಲಾಗಳು ಮತ್ತು ಚೆಲ್ಲೋಗಳು (ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ, ಮಂದ್ರ ದನಿಯ ದೊಡ್ಡ ಪಿಟೀಲು) ಸೇರಿ ನುಡಿಸುವ ಮೊದಲ ಧಾಟಿ ನಡೆಯುತ್ತದೋ, ಕೂತುಬಿಡುತ್ತದೋ, ಅಷ್ಟನ್ನು ಕೇಳಿಕೊಂಡರೆ ಸಾಕು.

ಹೆಚ್ಚು ಸಮಯ ಕೊಡಬೇಕಾದದ್ದು ಮೂರನೇ ಭಾಗದ ಕೊನೆಗೆ. ಅಲ್ಲಿ ತಂತಿವಾದ್ಯಗಳು ಒಂದೇ ಸ್ವರಗುಚ್ಛವನ್ನು ಪಿಸುದನಿಯಲ್ಲಿ ಹಿಡಿದು ನಿಲ್ಲುತ್ತವೆ. ಅದರ ಮೇಲೆ ಟಿಂಪನಿ, ಆರ್ಕೆಸ್ಟ್ರಾದ ದೊಡ್ಡ ನಗಾರಿ, ಮೆಲ್ಲಗೆ ಬಡಿಯುತ್ತಾ ಹೋಗುತ್ತದೆ. ಪಿಟೀಲುಗಳು ದಾರಿ ತಡಕುತ್ತಾ ಮೇಲಕ್ಕೆ ಹತ್ತುತ್ತವೆ. ಸುಮಾರು ಐವತ್ತು ಬಾರ್ ಹೀಗೇ. ದನಿ ಏರಿಸಿ ಎಂಬ ಸೂಚನೆ ಬರುವುದು ತೀರಾ ಕೊನೆಯ ಕೆಲವು ಬಾರುಗಳಲ್ಲಿ ಮಾತ್ರ. ಆಮೇಲೆ ನಿಲ್ಲದೆ ನಾಲ್ಕನೇ ಭಾಗ ಸಿ ಮೇಜರ್‌ನಲ್ಲಿ ಒಡೆದು ಹೊರಬರುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಮೂರು ಟ್ರೊಂಬೋನ್ (ಹಿತ್ತಾಳೆಯ ದೊಡ್ಡ ಕಹಳೆ), ಒಂದು ಪಿಕೊಲೊ (ಪುಟ್ಟ ಕೊಳಲು), ಒಂದು ಕಾಂಟ್ರಾಬಸೂನ್ (ಇನ್ನೂ ಮಂದ್ರದ ಬಸೂನ್) ಆಗ ಸೇರಿಕೊಳ್ಳುತ್ತವೆ. 1808ರ ಡಿಸೆಂಬರ್ 22ರಂದು, ವಿಯೆನ್ನಾದ ಚಳಿ ಹಿಡಿದ ರಂಗಮಂದಿರದಲ್ಲಿ ನಾಲ್ಕು ಗಂಟೆ ನಡೆದ ಆ ಕಛೇರಿಯಲ್ಲಿ ಮೊದಲ ಸಲ ಇದನ್ನು ಕೇಳಿದವರಿಗೆ ಅದು ಹೇಗಿದ್ದಿರಬೇಕು ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಕಂಡಕ್ಟರ್‌ನ ತಾಳ್ಮೆ ಪರೀಕ್ಷೆಯಾಗುವುದು ಇಲ್ಲಿ. ಮುಂದೆ ಬರುವುದು ಅವರಿಗೂ ಗೊತ್ತು, ವಾದಕರಿಗೂ ಗೊತ್ತು, ಆದ್ದರಿಂದ ದನಿ ತಾನಾಗಿ ಮುಂಚೆಯೇ ಏರಲು ನೋಡುತ್ತದೆ. ಹಾಗೆ ಸೋರಿಹೋದರೆ ಸ್ಫೋಟಕ್ಕೆ ಬಲ ಉಳಿಯುವುದಿಲ್ಲ. ಟಿಂಪನಿಯ ಪೆಟ್ಟನ್ನೇ ಹಿಂಬಾಲಿಸಿ ಕೇಳಿ. ಗಾರ್ಡಿನರ್‌ನ ನಗಾರಿ ಚಿಕ್ಕದು, ಕೋಲು ಗಟ್ಟಿ, ಪೆಟ್ಟು ಒಣಗಿದ ಮರದ ಮೇಲೆ ಬಿದ್ದಂತೆ ಎಣಿಸಬಹುದಾದಷ್ಟು ಬಿಡಿಬಿಡಿ. ಫರ್ಟ್‌ವೆಂಗ್ಲರ್‌ನಲ್ಲಿ ಅದು ದೂರದ ಗುಡುಗು. ಕ್ಲೆಂಪರರ್‌ನಲ್ಲಿ ಬೆಳಕು ನಿಧಾನವಾಗಿ, ಖಂಡಿತವಾಗಿ ಬರುತ್ತದೆ. ಕ್ಲೈಬರ್‌ನಲ್ಲಿ ಬಾಗಿಲು ಮುರಿದುಕೊಂಡು ಬರುತ್ತದೆ. ಈ ಒಂದು ಜಾಗಕ್ಕಾಗಿ ಒಬ್ಬರನ್ನೇ ಆರಿಸು ಎಂದರೆ ನಾನು ಫರ್ಟ್‌ವೆಂಗ್ಲರ್ ಕಡೆ ಹೋಗುತ್ತೇನೆ, ಪೂರ್ತಿ ಸಿಂಫನಿಗೆ ಕ್ಲೈಬರ್ ಕಡೆ.

ಇದೇ ಜಾಗದಲ್ಲಿ ನಿಮ್ಮ ಫೋನು ಕೈಕೊಡುವ ಸಾಧ್ಯತೆ ಇದೆ. ಎರಡು ಟ್ರ್ಯಾಕುಗಳ ನಡುವೆ ಆ್ಯಪ್ ಅರೆಕ್ಷಣ ತಡವರಿಸಿದರೂ ಆ ಇಡೀ ಏರಿಕೆ ವ್ಯರ್ಥ. ಸೆಟ್ಟಿಂಗ್ಸ್‌ಗೆ ಹೋಗಿ ಗ್ಯಾಪ್‌ಲೆಸ್ ಆನ್ ಮಾಡಿ, ಕ್ರಾಸ್‌ಫೇಡ್ ಮತ್ತು ಶಫಲ್ ಆಫ್ ಮಾಡಿ. ಈಕ್ವಲೈಸರ್, ಸರೌಂಡ್ ಎಂದು ಏನಿದ್ದರೂ ತೆಗೆಯಿರಿ. ದನಿಯ ಮಟ್ಟವನ್ನು ಕೈಯಾರೆ ಹೊಂದಿಸಿಕೊಳ್ಳಿ: ಸ್ವಲ್ಪವೇ ಜೋರಾಗಿರುವ ಮುದ್ರಣ ಹೆಚ್ಚು ಜೀವಂತ, ಹೆಚ್ಚು ಸ್ಪಷ್ಟ ಎಂದು ಕಿವಿ ನಂಬಿಬಿಡುತ್ತದೆ. ಸಿಂಫನಿಯ ಶುರುವಿನ ಗಟ್ಟಿ ಸ್ವರಗಳು ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಜೋರಿಗೆ ಬರುವಂತೆ ಮಾಡಿಕೊಂಡು ಆಮೇಲೆ ತೀರ್ಪಿಗೆ ಕೂರಿ. ಫ್ಯಾನ್ ಆಫ್ ಮಾಡಿ. ಆ ಟಿಂಪನಿಯ ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಪೂರ್ತಿ ಮುಳುಗಿಹೋಗುತ್ತದೆ.

ಸ್ಪೀಕರ್ ಬಗ್ಗೆ ಕೇಳಿದ್ದಿರಿ. ಹೋಲಿಕೆಗೆ ದುಬಾರಿಯದ್ದೇನೂ ಬೇಡ. ತಂತಿ ಇರುವ ಸಾಧಾರಣ ಒಳ್ಳೆಯ ಹೆಡ್‌ಫೋನ್ ಸಾಕು. ಒಂಟಿ ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡ, ಅದು ಎಡಬಲ ಎರಡನ್ನೂ ಒಂದೇ ತೂತಿನಿಂದ ಹೊರಗೆ ಬಿಡುತ್ತದೆ, ಕ್ಲೆಂಪರರ್ ಪಿಟೀಲುಗಳನ್ನು ಎದುರುಬದುರು ಕೂರಿಸಿದ್ದು ನಿಮಗೆ ತಿಳಿಯುವುದೇ ಇಲ್ಲ.

ಕಂಡಕ್ಟರ್ ಮಾಡಿದ್ದೆಷ್ಟು, ಮುದ್ರಣ ಮಾಡಿದ್ದೆಷ್ಟು ಎಂದು ಬೇರ್ಪಡಿಸುವುದನ್ನೂ ಕಲಿಯಬೇಕು. ಗಾರ್ಡಿನರ್‌ನಿಂದ ಕ್ಲೈಬರ್‌ಗೆ ನೇರ ದಾಟಿದರೆ ಶ್ರುತಿ ಏರಿದ್ದು ನಿಮ್ಮ ಕಿವಿಗೆ ತಕ್ಷಣ ತಟ್ಟುತ್ತದೆ. ಹಳೆಯ ವಾದ್ಯಗಳವರು ‘ಎ’ ಸ್ವರವನ್ನು ಸುಮಾರು 430 ಹರ್ಟ್ಜ್‌ಗೆ ಇಟ್ಟುಕೊಳ್ಳುತ್ತಾರೆ. ವಿಯೆನ್ನಾ, ಬರ್ಲಿನ್ನಿನ ಆರ್ಕೆಸ್ಟ್ರಾಗಳದು 440ಕ್ಕಿಂತಲೂ ಸ್ವಲ್ಪ ಮೇಲೆ. ಮೇಲಿನ ಶ್ರುತಿ ಹೆಚ್ಚು ಹೊಳೆಯುತ್ತದೆ, ಆ ಹೊಳಪಿನ ಶ್ರೇಯಸ್ಸನ್ನು ಕಂಡಕ್ಟರ್‌ಗೆ ಕೊಡಬೇಡಿ. ಹಾಲ್ ಕೂಡ ಹಾಗೇ. ಕಂಡಕ್ಟರ್ ಟೊಸ್ಕಾನಿನಿ 1939ರಲ್ಲಿ ಅಮೆರಿಕದ ಎನ್‌ಬಿಸಿ ರೇಡಿಯೊದ ಆರ್ಕೆಸ್ಟ್ರಾ ಜೊತೆ ನಡೆಸಿದ ಬೀಥೋವನ್ ಸರಣಿಯ ಹೆಚ್ಚಿನ ಕಛೇರಿಗಳು ನ್ಯೂಯಾರ್ಕಿನ ಸ್ಟುಡಿಯೊ 8ಎಚ್‌ನಿಂದ ಪ್ರಸಾರವಾದವು. ಅನುರಣನವೇ ಇಲ್ಲದ ಒಣ ಕೋಣೆ ಅದು. ಅವರ ಬಿಗಿ ನಿಜ, ಆದರೆ ಆ ಗೋಡೆಗಳು ಅದನ್ನು ಇನ್ನಷ್ಟು ಕಟುವಾಗಿಸಿವೆ. ಇನ್ನೂ ಹಿಂದೆ ಹೋದರೆ ಆರ್ಥರ್ ನಿಕಿಶ್ ಬರ್ಲಿನ್ ಫಿಲ್ಹಾರ್ಮೊನಿಕ್ ಜೊತೆ 1913ರಲ್ಲಿ ಮಾಡಿದ ಐದನೇ ಸಿಂಫನಿ ಸಿಗುತ್ತದೆ. ಮೈಕ್ ಇಲ್ಲದ ಕಾಲ, ವಾದಕರು ದೊಡ್ಡ ಕೊಳವೆಯೊಂದರ ಮುಂದೆ ಒತ್ತೊತ್ತಾಗಿ ಕೂತು ನುಡಿಸಿದ್ದು. ಟಿಂಪನಿ, ಮಂದ್ರದ ತಂತಿಗಳನ್ನು ಅಲ್ಲಿ ಹುಡುಕಬೇಡಿ. ವೇಗ ಹೇಗೆ ಬಾಗುತ್ತದೆ ಎಂಬುದಕ್ಕೆ ಮಾತ್ರ ಕಿವಿ ಕೊಡಿ. ಫರ್ಟ್‌ವೆಂಗ್ಲರ್ ಎಲ್ಲಿಂದ ಬಂದರು ಎಂಬುದು ತಿಳಿಯುತ್ತದೆ.

ನೀವು ಮೈಸೂರಿನವರಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಕ್ಲೆಂಪರರ್ ಜೊತೆ ನುಡಿಸಿದ ಆ ಫಿಲ್ಹಾರ್ಮೊನಿಯಾ ಆರ್ಕೆಸ್ಟ್ರಾವನ್ನು ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದರು. ಅದರ ಎಳೆಯ ವರ್ಷಗಳಲ್ಲಿ ಹಣ ಕೊಟ್ಟು ನಿಲ್ಲಿಸಿದವರು ಜಯಚಾಮರಾಜ ಒಡೆಯರ್, ಫಿಲ್ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಕನ್ನಡಿಗರಿಗೆ ಅವರು ಶ್ರೀವಿದ್ಯಾ ಮುದ್ರಿಕೆಯ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾಗಿ ಗೊತ್ತು. ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳ ಭಾರಿ ಸಂಗ್ರಹ ಇಟ್ಟುಕೊಂಡು ಹೋಲಿಸಿ ಕೇಳುತ್ತಿದ್ದ ರಸಿಕರೂ ಹೌದು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಅವನ ಕೈಯಿಂದಲೇ ಮುದ್ರಣವಾಗಲೆಂದು ಮೆಟ್ನರ್ ಸೊಸೈಟಿ ಮಾಡಿಸಿ ಖರ್ಚು ವಹಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ.

ರಿಚರ್ಡ್ ಸ್ಟ್ರಾಸ್ ಸತ್ತ ಮರುವರ್ಷ, 1950ರ ಮೇ 22ರಂದು, ಅವನ ‘ನಾಲ್ಕು ಕೊನೆಯ ಹಾಡುಗಳು’ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫರ್ಟ್‌ವೆಂಗ್ಲರ್, ಆರ್ಕೆಸ್ಟ್ರಾ ಅದೇ ಫಿಲ್ಹಾರ್ಮೊನಿಯಾ. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ಮಹಾರಾಜರು. ತಮ್ಮ ಸಂಗ್ರಹಕ್ಕಾಗಿ ಅದನ್ನು ಮುದ್ರಿಸಬೇಕೆಂದೂ ಕೇಳಿಕೊಂಡಿದ್ದರು. ಆ ಕಾರ್ಯಕ್ರಮದ ಮುದ್ರಣ ಇವತ್ತಿಗೂ ಸಿಗುತ್ತದೆ, ಸದ್ದು ಕರಕರ, ಆದರೂ ಕೇಳಿ. ಈ ಹಾಡುಗಳಲ್ಲಿ ಹೋಲಿಕೆ ಬೇರೆಯೇ ಬಗೆಯದು. ‘ಇಮ್ ಆಬೆಂಡ್‌ರೋಟ್’ ಎಂಬ ಮುಸ್ಸಂಜೆಯ ಹಾಡನ್ನು ತೆಗೆದುಕೊಳ್ಳಿ. ಲೀಸಾ ಡೆಲ್ಲಾ ಕಾಸಾ, ಕಾರ್ಲ್ ಬ್ಯೋಮ್ ಜೊತೆ 1953ರಲ್ಲಿ ಹಾಡಿದಾಗ ಅದು ಆರು ನಿಮಿಷದ ಆಸುಪಾಸು. ಜೆಸ್ಸಿ ನಾರ್ಮನ್, ಕುರ್ಟ್ ಮಸೂರ್ ಜೊತೆ 1982ರಲ್ಲಿ ಹಾಡಿದಾಗ ಹತ್ತು ನಿಮಿಷದ ಹತ್ತಿರ. ಹಾಡುವವರ ಉಸಿರು ಎಷ್ಟು ಉದ್ದ ಎಂಬುದೇ ಅಲ್ಲಿ ಕಾಲಪ್ರಮಾಣವನ್ನು ಕಟ್ಟಿಹಾಕುತ್ತದೆ. ನಾರ್ಮನ್ ಆ ನಿಧಾನದಲ್ಲೂ ಸಾಲು ಕಡಿಯದೆ ದಾಟುವುದು ಬೆರಗು. ನನ್ನ ಒಲವು ಮಾತ್ರ ಡೆಲ್ಲಾ ಕಾಸಾ ಕಡೆ, ಅಲ್ಲಿ ಹಾಡಿನೊಳಗಿನ ದಣಿದ ಇಬ್ಬರು ನಿಜವಾಗಿಯೂ ನಡೆದುಕೊಂಡು ಬಂದಿದ್ದಾರೆ ಅನ್ನಿಸುತ್ತದೆ.

ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಕ್ಲೈಬರ್‌ನ 1974ರ ಮುದ್ರಣದ ಹೆಸರು ಹೇಳುವವರು ಬಹಳ ಜನ, ನಾನೂ ಅವರ ಜೊತೆಗಿದ್ದೇನೆ. ಆದರೆ ನಿಮ್ಮ ತೀರ್ಪು ಬರುವ ಮುಂಚೆ ವಿಮರ್ಶೆಗಳನ್ನು ಓದಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಜಾಗ, ಕಂಡಕ್ಟರ್, ಕೇಳಿಸಿದ್ದು, ಇಷ್ಟನ್ನು ಒಂದೊಂದು ಸಾಲು ಬರೆಯಿರಿ. ‘ಭವ್ಯ’, ‘ಅದ್ಭುತ’ ಎಂದು ಬರೆಯದೆ ‘ಎರಡನೇ ಕರೆ ಬಸೂನ್’, ‘ಡೋಲ್ಚೆಯಲ್ಲಿ ನಿಧಾನ’, ‘ಟಿಂಪನಿ ಮುಂಚೆಯೇ ಏರಿತು’ ಎಂದು ಬರೆಯಿರಿ. ಸ್ವರಲಿಪಿ ಬೇಕಾದರೆ ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಓದಲು ಬಾರದಿದ್ದರೂ ಯಾವ ಸಾಲು ಯಾವ ವಾದ್ಯದ್ದು ಎಂದು ಗುರುತಿಸುವುದು ಕೆಲವೇ ದಿನದಲ್ಲಿ ಅಭ್ಯಾಸವಾಗುತ್ತದೆ.

ಈ ನಾಲ್ಕು ಮುಗಿದ ಮೇಲೆ ಒಂದು ಹತ್ತಿರದ ಹೋಲಿಕೆಗೆ ಹೋಗಿ. ಕಾರ್ಲೋಸ್‌ನ ತಂದೆ ಎರಿಕ್ ಕ್ಲೈಬರ್ ಆಮ್‌ಸ್ಟರ್‌ಡಾಮಿನ ಕಾನ್ಸರ್ಟ್‌ಗೆಬೌ ಆರ್ಕೆಸ್ಟ್ರಾ ಜೊತೆ 1953ರಲ್ಲಿ ಇದೇ ಐದನೆಯದನ್ನು ಮುದ್ರಿಸಿದ್ದಾರೆ. ಮಗ ಸಂಗೀತಗಾರನಾಗುವುದು ಬೇಡ ಎಂದಿದ್ದ ತಂದೆ. ಎರಡನ್ನೂ ಪಕ್ಕಪಕ್ಕ ಕೇಳಿದರೆ ಮಗನ ಓಟ ಯಾರ ಮನೆಯದು ಎಂದು ಗೊತ್ತಾಗುತ್ತದೆ. ಆಮೇಲೆ ಕಾರ್ಲೋಸ್‌ನ ಏಳನೇ ಸಿಂಫನಿ, 1976ರ ವಿಯೆನ್ನಾ ಮುದ್ರಣ. ಅದರ ಎರಡನೇ ಭಾಗದ ಕಟ್ಟಕಡೆಯ ಸ್ವರಗಳನ್ನು ಬಿಲ್ಲಿನಲ್ಲಿ ನುಡಿಸಿ ಎಂದು ಅಚ್ಚಾದ ಸ್ವರಲಿಪಿ ಹೇಳುತ್ತದೆ. ಕಾರ್ಲೋಸ್ ಅವನ್ನು ಬೆರಳಿನಿಂದ ಮೀಟಿಸುತ್ತಾರೆ, ಅವರ ತಂದೆಯೂ ಹಾಗೇ ಮಾಡಿಸುತ್ತಿದ್ದರು. ಯಾರದೇ ಏಳನೆಯದನ್ನು ಕೇಳಿದರೂ ಆ ಕೊನೆಯ ಹತ್ತು ಸೆಕೆಂಡಿನಲ್ಲಿ ಬಿಲ್ಲೋ ಬೆರಳೋ ಎಂದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.